ಕಂಪ್ಯೂಟರ್ ತೊಳೆದ ಅಕ್ಕೋರು

ಒದ್ದೆ ಅರಿಸಿನ ಬಿಸಿ ಧೂಳಿನ ಮೇಲೆ ಬಿದ್ದರೆ ಒಂದು ವಾಸನೆ ಏಳುತ್ತದೆ. ದೇವರ ಕೋಣೆಯದಲ್ಲ, ಸುಟ್ಟ ವೈರಿನದೂ ಅಲ್ಲ, ಎರಡರ ನಡುವೆ ಎಲ್ಲೋ... ಈ ವರ್ಷದ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನ ಗೋವಾದ ಕುಂಕಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಅದು ಮತ್ತೆ ನನ್ನ ಮೂಗಿಗೆ ಬಡಿಯಿತು. ಯಂತ್ರಗಳಿಗೆಲ್ಲ ಚೆಂಡುಹೂವಿನ ಸರ ಹಾಕಿ, ಕುಂಕುಮ ಹಚ್ಚಿ, ಹುಡುಗರು ತಟ್ಟೆ ಹಿಡಿದುಕೊಂಡು ಬಿಲ್ ಮಾಡುವ ನನ್ನ ಮೇಜಿನ ತನಕ ಬಂದಿದ್ದರು. ಹೂವಿನಿಂದ ಸಿಡಿದ ಅರಿಸಿನದ ನೀರಿನ ಒಂದೆರಡು ಹನಿ ಕಂಪ್ಯೂಟರಿನ ಬಿಸಿ ಡಬ್ಬಿಯ ಮೇಲೆ ಬಿತ್ತು. ಕೀಬೋರ್ಡಿಗೆ ಮಾತ್ರ ಬೀಳಲಿಲ್ಲ. ಅದಕ್ಕೆ ನಾನು ಬೆಳಿಗ್ಗೆಯೇ ಪ್ಲಾಸ್ಟಿಕ್ ಹೊದಿಸಿ ಕೂತಿದ್ದೆ.

ಸೂಪರ್‌ವೈಜರ್ ಕಾಣಕೋಣದವ. "ಹಿಕಾ ದೇವಾಚೇರ್ ವಿಶ್ವಾಸ ನಾ, ಪ್ಲಾಸ್ಟಿಕಾಚೇರ್ ಆಸಾ" ಎಂದ. ಇವಳಿಗೆ ದೇವರ ಮೇಲೆ ನಂಬಿಕೆ ಇಲ್ಲ, ಪ್ಲಾಸ್ಟಿಕ್ಕಿನ ಮೇಲಿದೆ ಅಂತ. ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಾಣೆ ಹಿಡಿದ ನಾಲಿಗೆ ನನ್ನದು, ಎದುರಿನವನ ಮಾತಿನ ಬುಡ ಎಲ್ಲಿ ಸಡಿಲಾಗಿದೆ ಎಂದು ಮೊದಲು ಹುಡುಕುತ್ತದೆ. ಆದರೆ ಆ ವಾಸನೆ ಬಂದರೆ ನನಗೆ ವಾದ ಬರುವುದಿಲ್ಲ, ಅಕ್ಕೋರು ನೆನಪಾಗುತ್ತಾರೆ.

ಕಲಿಸುವ ಹೆಂಗಸರನ್ನು ಉತ್ತರ ಕರ್ನಾಟಕದ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ಕಂಪ್ಯೂಟರ್ ಕಲಿಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ವಾಸ್ಕೋದ ಸಡಾ ಗುಡ್ಡದ ಮೇಲೆ, ಬಂದರು ಕಾಣುವ ಮಗ್ಗುಲಿಗೆ, ನಮ್ಮ ಚಾಳಕ್ಕೆ ಹತ್ತಿ ತಗಡು ಹೊದಿಸಿದ ಒಂದು ಕೋಣೆ ಇತ್ತು. ನಮ್ಮ ಕಡೆಯ ಮಂದಿ ಕಟ್ಟಿಕೊಂಡ ಮಂಡಳಿಯದು. ಅದರ ಅಧ್ಯಕ್ಷರು ಸಾಹುಕಾರರು. ಧಾರವಾಡದ ಕಡೆಯಿಂದ ಬಂದು ವಾಸ್ಕೋದ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದವರು. ನಾವಿದ್ದ ಚಾಳವೂ ಅವರದೇ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಮಂಡಳಿಗೆ ದಾನ ಕೊಟ್ಟು, ಅದರ ನೆತ್ತಿಯ ಮೇಲೆ ತಮ್ಮ ಹೆಸರು ಬರೆಸಿದರು. ದಾನವಾದ ಮೇಲೆ ಕಲಿಸುವವರು ಬೇಕಲ್ಲ, ಅದೂ ಪಗಾರ ಕೇಳದವರು. ಸೊಸೆಯನ್ನು ಕಳಿಸಿದರು.

ಆ ಸೊಸೆಯೇ ಅಕ್ಕೋರು. ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಗೋವಾಕ್ಕೆ ಬಂದವರು. ಶನಿವಾರ, ರವಿವಾರ ಸಂಜೆ ರಿಕ್ಷಾದಿಂದ ಇಳಿದು, ಸೆರಗು ಸರಿಮಾಡಿಕೊಳ್ಳುತ್ತ, ಮೆಟ್ಟಿಲನ್ನು ಹುಡುಗಿಯ ಹಾಗೆ ಹಾರಿ ಹಾರಿ ಹತ್ತುತ್ತಿದ್ದರು. ಆ ಎರಡು ಸಂಜೆ ಬಿಟ್ಟರೆ ಅವರು ಒಬ್ಬರೇ ಹೊಸ್ತಿಲು ದಾಟುತ್ತಿರಲಿಲ್ಲ. ಒಮ್ಮೆ ಅವರೇ ಅಂದಿದ್ದರು, "ನೀವೆಲ್ಲ ಕಲಿಯಾಕ ಬರ್ತೀರಿ. ನಾ ಉಸರಾಡಾಕ ಬರ್ತೇನಿ ನೋಡ್ರಿ." ನಾವು ಚಾಪೆಯ ಮೇಲೆ ಕೂತ ಮಕ್ಕಳು ನಕ್ಕಿದ್ದೆವು. ಕೆಳಗೆ ಬಂದರಿನ ಧೂಳು ಹಾರುವಾಗ ಉಸಿರಾಡಲು ಸಡಾಕ್ಕೆ ಯಾರಾದರೂ ಬರುತ್ತಾರೆಯೇ?

ಭಾರೀ ಪಂಡಿತೆ ಏನಲ್ಲ ಅವರು. ಎಷ್ಟೋ ಸಲ ತಪ್ಪು ಹೇಳಿ ಮುಂದಿನ ವಾರ ತಿದ್ದುತ್ತಿದ್ದರು. ಆದರೆ ಒಂದು ಪಾಠ ಮಾತ್ರ ನನಗೆ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ. ಡಬ್ಬಿಯ ಮಗ್ಗುಲು ಬಿಚ್ಚಿ, ಒಳಗಿನ ಹಸಿರು ಹಲಗೆ ತೋರಿಸಿ, "ಇದು ಸಿಪಿಯು. ಇದು ಸಾಹುಕಾರ ಅಂತ ತಿಳೀರಿ. ಸಾಹುಕಾರ ಹಮಾಲರ ಜೋಡಿ ಮಾತಾಡತಾನೇನು?" ಎಂದು ಕೇಳಿದರು.

"ಇಲ್ರಿ." ನಮ್ಮ ಅಪ್ಪಂದಿರೆಲ್ಲ ಬಂದರಿಗೋ ಕಟ್ಟಡಕ್ಕೋ ಹೋಗುವವರು. ಇದು ನಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

"ಮತ್ತ ಯಾರ ಜೋಡಿ ಮಾತಾಡತಾನ?"

"ಮುಕಾದಮನ ಜೋಡಿ." ಕೂಲಿಗಳ ಮೇಸ್ತ್ರಿಗೆ ನಾವು ಹಾಗೆ ಅನ್ನುತ್ತೇವೆ.

"ಹಾಂ. ಹಂಗ ಕೀಬೋರ್ಡಿಗೊಬ್ಬ ಮುಕಾದಮ, ಡಿಸ್ಕಿಗೊಬ್ಬ, ಪರದೆಗೊಬ್ಬ. ಅವರಿಗೆ ಕಂಟ್ರೋಲರ್ ಅಂತಾರ. ನೀವು ಒಂದು ಗುಂಡಿ ಒತ್ತೀರಿ. ಯಾವ ಗುಂಡಿ ಅನ್ನೂದನ್ನ ಮುಕಾದಮ ಒಂದು ಅಂಕಿ ಮಾಡಿ ಕೈಯಾಗ ಹಿಡ್ಕೊಂಡು, ಸಾಹುಕಾರಗ ಸನ್ನಿ ಮಾಡತಾನ. ಸಾಹುಕಾರ ಹಿಡದ ಕೆಲಸ ಬಿಟ್ಟು, ಅದನ್ನ ಇಸ್ಕೊಂಡು, ಮತ್ತ ತನ್ನ ಕೆಲಸಕ್ಕ ಹತ್ತತಾನ. ಡಿಸ್ಕಿನ ಮುಕಾದಮನದು ದೊಡ್ಡ ಕೆಲಸ. ಅವಗ, ಇಷ್ಟು ಚೀಲ ತಂದು ಅಲ್ಲಿ ಒಟ್ಟು, ಮುಗದ ಮ್ಯಾಲೆ ಹೇಳು ಅಂದ್ರ ಆತು, ನಡನಡುವ ಸಾಹುಕಾರನ ತಲಿ ತಿನ್ನಂಗಿಲ್ಲ. ಆದ್ರ ಸಾಹುಕಾರಗ ಕೀಬೋರ್ಡ್ ಕಾಣಂಗಿಲ್ಲ, ಡಿಸ್ಕ್ ಕಾಣಂಗಿಲ್ಲ. ಮುಕಾದಮ ಒಬ್ಬ ಕಾಣತಾನ."

ನಾನು ಆಗಲೇ ವಾದಕ್ಕೆ ನಿಲ್ಲುವವಳು. "ಕೂಲ್ಯಾರು ತಪ್ಪು ಮಾಡಿದ್ರ ಸಾಹುಕಾರ ಯಾರಿಗೆ ಬೈತಾನ್ರಿ?"

"ಮುಕಾದಮಗ. ಅವನ ಕಾಣತಾನಲ್ಲ."

"ಅದು ನ್ಯಾಯ ಏನ್ರಿ?"

"ನ್ಯಾಯದ್ದಲ್ಲವ್ವಿ. ಜೋಡಣಿ ಹಂಗೈತಿ."

"ನಮ್ಮಪ್ಪನ ಮುಕಾದಮ ಕೂಲಿಯೊಳಗ ಕಡಿತಾನ. ನಿಮ್ಮ ಕಂಟ್ರೋಲರ್ ಏನ್ ಕಡಿತಾನ್ರಿ?"

ಎಲ್ಲರೂ ಹೋ ಎಂದರು. ಅಕ್ಕೋರು ಸಿಟ್ಟಾಗಲಿಲ್ಲ. ಗಲ್ಲಕ್ಕೆ ಬೆರಳು ಹಚ್ಚಿ ಯೋಚಿಸಿ, "ಗೊತ್ತಿಲ್ಲ ಖರೇ. ಓದಿ ಬಂದು ಹೇಳತೇನಿ" ಎಂದರು. ಹೇಳುವ ಮೊದಲು ದಸರಾ ಬಂತು.

ಖಂಡೇ ಪೂಜೆ ಅಂದರೆ ನಮ್ಮ ಚಾಳದಲ್ಲಿ ಮೊದಲು ತೊಳೆಯುವ ಗದ್ದಲ. ಗಾರೆ ಕೆಲಸದ ಗೌಂಡಿಯ ಕರಣಿ, ಸಲಿಕೆ, ಗುದ್ದಲಿ, ಸಿಮೆಂಟ್ ಬುಟ್ಟಿ, ಎಲ್ಲವನ್ನೂ ನಲ್ಲಿಯ ಹತ್ತಿರ ತಂದು ತಿಕ್ಕಿ ತೊಳೆದು, ಸಾಲಾಗಿ ಇಟ್ಟು, ಆಮೇಲೆ ವಿಭೂತಿ, ಕುಂಕುಮ. ವರ್ಷವಿಡೀ ದುಡಿದ ಸಾಮಾನಿಗೆ ಆ ಒಂದು ದಿನ ಸ್ನಾನ. ತೊಳೆಯದೆ ಪೂಜೆ ಮಾಡಿದರೆ ಅದು ಪೂಜೆಯೇ ಅಲ್ಲ ಎಂದು ಅವ್ವ ಈಗಲೂ ಅನ್ನುತ್ತಾಳೆ. ಅಪ್ಪ ಗೌಂಡಿ, ಅವ್ವ ಅವನ ಕೈಕೆಳಗೆ ಕಲ್ಲು-ಮಣ್ಣು ಹೊರುವಾಕೆ. ಅದರ ಜೊತೆಗೆ ಮಂಡಳಿಯ ಕೋಣೆಯನ್ನು ಕಸ ಹೊಡೆಯುವ ಕೆಲಸವೂ ಅವಳದು. ಕೀಲಿ ಅವಳ ಸೊಂಟದಲ್ಲಿ ಇರುತ್ತಿತ್ತು.

ಹಬ್ಬ ಮುಗಿದ ಶನಿವಾರ ಅಕ್ಕೋರು ಬಂದು ಕಂಪ್ಯೂಟರ್ ಚಾಲೂ ಮಾಡಿದರು. ಅದು ಕುಂಯ್ ಎಂದಿತು. ಪರದೆಯ ಮೇಲೆ ಕೀಬೋರ್ಡ್ ಸಿಗುತ್ತಿಲ್ಲ ಎಂದು ಬಂತು. ಅದರ ಕೆಳಗೇ, ಮುಂದುವರಿಯಲು ಎಫ್‌-ಒನ್ ಗುಂಡಿ ಒತ್ತಿರಿ ಎಂದೂ ಬಂತು. "ಕೈ ಇಲ್ಲದವನಿಗೆ ಚಪ್ಪಾಳಿ ಹೊಡಿ ಅಂದಂಗಾತ್ರಿ" ಎಂದೆ ನಾನು. ಅಕ್ಕೋರಿಗೂ ನಗು ಬಂತು. ಕೀಬೋರ್ಡನ್ನು ಎತ್ತಿ ಬೋರಲು ಮಾಡಿದರು. ಅಂಗೈ ಮೇಲೆ ಹಳದಿ ನೀರು ಇಳಿಯಿತು, ಅದರ ಹಿಂದೆ ಕೆಂಪು. ಮೂಗಿನ ಹತ್ತಿರ ಒಯ್ದು ನೋಡಿದರು. ಆ ವಾಸನೆ ಮುಂದಿನ ಸಾಲಿನಲ್ಲಿದ್ದ ನನಗೂ ಬಂತು... ಅವರ ನಗು ನಿಂತಿತು. ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಅವ್ವ ಕಸಬರಿಗೆ ಹಿಡಿದು, ಸೆರಗಿನ ತುದಿ ಬಾಯಲ್ಲಿ ಕಚ್ಚಿ ನಿಂತಿದ್ದಳು.

ಮರುದಿನ ಅಂಗಡಿಯಿಂದ ಬೇರೆ ಕೀಬೋರ್ಡ್ ತಂದು ಹಚ್ಚಿ ನೋಡಿದರು. ಅದೇ ಕುಂಯ್, ಅದೇ ಮಾತು. "ಕೀಬೋರ್ಡ್ ಅಷ್ಟ ಅಲ್ಲ, ಒಳಗಿನ ಮುಕಾದಮನೂ ಹ್ವಾದ" ಎಂದರು. "ನೋಡ್ರಿ, ಸಾಹುಕಾರ ಜೀವಂತ ಅದಾನ, ಗೋದಾಮಿನ್ಯಾಗ ಮಾಲು ಹಂಗ ಐತಿ. ಆದ್ರ ಹೊರಗಿನವರು ಏನ್ ಅಂದ್ರೂ ಅವನಿಗೆ ಮುಟ್ಟಂಗಿಲ್ಲ." ಕೆಟ್ಟ ಯಂತ್ರದ ಮುಂದೆಯೂ ಪಾಠ ಮಾಡಿದರು. ಪಾಠ ನಡೆದಿರುವಾಗಲೇ ಸಾಹುಕಾರರು ಮಂಡಳಿಯ ಇಬ್ಬರು ಹಿರಿಯರ ಜೊತೆ ಒಳಗೆ ಬಂದರು. ಅಂಗಡಿಯಿಂದ ಕೀಬೋರ್ಡ್ ಹೋದ ಸುದ್ದಿ ಅವರಿಗೆ ಹತ್ತಿತ್ತು.

"ಯಾರು ಇದಕ್ಕ ನೀರು ಹಾಕಿದವರು?" ಎಂದು ಕೇಳಿದರು. ಅವರ ಕಣ್ಣು ಬಾಗಿಲಲ್ಲಿದ್ದ ಅವ್ವನ ಕಸಬರಿಗೆಯ ಕಡೆಗೆ ಹೊರಳುವ ಮೊದಲೇ ಅಕ್ಕೋರು ಎದ್ದು ನಿಂತರು.

"ನಾನ ತೊಳದೇನ್ರಿ ಮಾವಾರ. ಖಂಡೇ ಪೂಜಾ ಅಂತ."

ಸಾಹುಕಾರರು ಒಂದು ಕ್ಷಣ ಹಿರಿಯರ ಮುಖ ನೋಡಿದರು. "ತೊಳದಿ? ಅಂಗಡ್ಯಾಗಿನ ಭಾಂಡೆ ಅಂತ ತಿಳದೀ ಏನು?" ಹಿರಿಯರು ನಕ್ಕರು. ಒಬ್ಬರು, "ಸಬಕಾರ ಹಚ್ಚಿದ್ಯೋ ಇಲ್ಲೋ ತಂಗಿ?" ಎಂದರು. ಮಕ್ಕಳೂ ನಕ್ಕರು. ನಾನೂ ನಕ್ಕೆ. ಯಾರಿಗೆ ನಗು ಬರುವುದಿಲ್ಲ ಹೇಳಿ, ಕಲಿಸುವವರೇ ಕಂಪ್ಯೂಟರನ್ನು ತೊಳೆದರೆ?

ಮನೆಯಲ್ಲಿ ಅಪ್ಪನ ಮುಂದೆ ಅದನ್ನೇ ಅಭಿನಯ ಮಾಡಿ ತೋರಿಸುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ ಅಂದಳು, "ನಗಬ್ಯಾಡ. ತೊಳದಾಕಿ ನಾನು."

ನಮ್ಮ ಕರಣಿ, ಬುಟ್ಟಿ ಎಲ್ಲ ತೊಳೆದಾದ ಮೇಲೆ, ಮಗಳು ಕಲಿಯುವ ಸಾಮಾನು ಒಂದು ಉಳಿಯಿತಲ್ಲ ಎಂದು ಅವಳಿಗೆ ಅನಿಸಿತಂತೆ. ಕೋಣೆ ತೆರೆದು, ತಂಬಿಗೆ ನೀರು ಒಯ್ದು, ಧೂಳು ಕೂತ ಗುಂಡಿಗಳ ಸಂದಿ ಸಂದಿ ತೊಳೆದು, ಸೆರಗಿನಿಂದ ಒರೆಸಿ, ಅರಿಸಿನ-ಕುಂಕುಮ ಏರಿಸಿ ಬಂದಿದ್ದಳು. "ಪರದೆಗೆ ನೀರು ಹಾಕಲಿಲ್ಲ. ಕರೆಂಟಿಂದು ಅಂತ ನನಗ ಗೊತ್ತೈತಿ" ಎಂದಳು, ಅದೇ ಅವಳ ಜಾಣತನದ ಸಾಕ್ಷಿ ಎಂಬಂತೆ. ನನಗೆ ಮೊದಲು ಬಂದದ್ದು ಮರುಕವಲ್ಲ. ಇಂಥ ಅವ್ವ ನನ್ನವಳಾದಳಲ್ಲ ಎಂದು ನಾಚಿಕೆ ಬಂತು. ಹೋಗಿ ಹೇಳು ಅಂದೆ. "ಹೇಳಿ, ಎಲ್ಲಿ ಮಲಗೂದು?" ಎಂದಳು. ಚಾಳ ಸಾಹುಕಾರರದು.

ಆದರೂ ಮರುದಿನ ಅವ್ವ ಸಾಹುಕಾರರ ಮನೆಯ ಹಿತ್ತಲ ಬಾಗಿಲಿಗೆ ಹೋಗಿ ಬಂದಳು. ಅಕ್ಕೋರೇ ಬಾಗಿಲು ತೆರೆದು ಇಷ್ಟೇ ಅಂದರಂತೆ: "ನೀ ಸುಮ್ಮನಿರು. ನನಗ ಬೈತಾರ, ಬಿಡತಾರ. ನಿನಗ ಬೈಯೂದಿಲ್ಲ, ಹೊರಗ ಹಾಕತಾರ."

ಬೈತಾರ, ಬಿಡತಾರ... ಅವರ ಅಂದಾಜು ತಪ್ಪಿತು. ಬೈದರು, ಬಿಡಲಿಲ್ಲ. ಮಂದಿ ನಗುವಂತೆ ಮಾಡಿದ ಸೊಸೆಯನ್ನು ಸಾಹುಕಾರರು ಮತ್ತೆ ಗುಡ್ಡ ಹತ್ತಿಸಲಿಲ್ಲ. ಮುಂದಿನ ಶನಿವಾರ ನಾವು ಚಾಪೆ ಹಾಸಿ ಕಾದೆವು, ರಿಕ್ಷಾ ಬರಲಿಲ್ಲ. ಕಂಪ್ಯೂಟರನ್ನು ಗೋಣಿಚೀಲ ಹೊದಿಸಿ ಮೂಲೆಗೆ ಸರಿಸಿದರು, ಕೋಣೆ ಹಬ್ಬದ ಪಾತ್ರೆಗಳನ್ನು ಇಡುವ ಜಾಗವಾಯಿತು. ಸಡಾದಲ್ಲಿ ಅವರಿಗೆ 'ಕಂಪ್ಯೂಟರ್ ತೊಳೆದ ಅಕ್ಕೋರು' ಎಂಬ ಹೆಸರು ನಿಂತುಬಿಟ್ಟಿತು. ಸಂತೆಗೆ ಹೋಗುವ ಹೆಂಗಸರು ಕೂಡ, "ಆ ತೊಳದಾಕಿ ಅಂಗಡ್ಯಾಗ ಬುಟ್ಟಿ ಅಗ್ಗ ಐತಿ" ಎನ್ನುತ್ತಿದ್ದರು. ಅವ್ವ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದಳು.

ಈಗ ವಾದ ಮಾಡಿ ನೋಡೋಣ. ತೊಳೆದವಳು ನಾನಲ್ಲ. ಸುಳ್ಳು ಹೇಳಿದವಳೂ ನಾನಲ್ಲ. ಚಿಕ್ಕವಳು, ಮನೆಯ ಮಾತು ಮೀರುವ ಹಾಗಿರಲಿಲ್ಲ. ಅಕ್ಕೋರು ಯಾರ ಒತ್ತಾಯವೂ ಇಲ್ಲದೆ ತಾವಾಗಿ ಹೊತ್ತುಕೊಂಡರು. ಯಾವ ತೀರ್ಪುಗಾರರ ಮುಂದೆ ನಿಂತರೂ ನನ್ನನ್ನು ಖುಲಾಸೆ ಮಾಡಿಸಬಲ್ಲೆ. ಮಾಡಿಸಿಕೊಂಡಿದ್ದೇನೆ ಕೂಡ, ಬಸ್ಸಿನಲ್ಲಿ, ಒಬ್ಬಳೇ, ಎಷ್ಟೋ ಸಲ. ಆದರೆ ನಾಚಿಕೆ ಎಂಬುದು ವಾದ ಕೇಳುವ ಜಾತಿಯದಲ್ಲ. ಅದು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತದೆ. ಬೆಲೆ ಗೊತ್ತಿದ್ದು ಕೊಟ್ಟರೆ ಅದು ತ್ಯಾಗ. ಅಕ್ಕೋರಿಗೆ ಕೊಡುವಾಗ ಬೆಲೆ ಗೊತ್ತಿರಲಿಲ್ಲ, ಒಂದು ಬೈಗುಳ ಅಂದುಕೊಂಡಿದ್ದರು. ಹೋದದ್ದು ಆ ಎರಡು ಸಂಜೆ. ಗೊತ್ತಿದ್ದರೆ ಕೊಡುತ್ತಿದ್ದರೇ? ನನಗೆ ತಿಳಿಯದು. ತಿಳಿದಿರುವುದು ಇಷ್ಟು: ಬೆಲೆ ನಮಗೆ ಆ ಶನಿವಾರವೇ ಗೊತ್ತಾಯಿತು, ಆಮೇಲೂ ಅವರು ಬೆಲೆ ತೆತ್ತು ಉಳಿಸಿಕೊಟ್ಟ ನೆರಳಿನಲ್ಲೇ ನಾವು ಉಂಡೆವು, ಮಲಗಿದೆವು. ನಾನು ಓದಿದ್ದು ಆ ಚಾಳದ ದೀಪದ ಕೆಳಗೆ.

ಅಕ್ಕೋರನ್ನು ಅಂಗಡಿಯ ಹಿಂಭಾಗದಲ್ಲಿ ಕೂರಿಸಿದರು. ಕೊಂಡ ಪಾತ್ರೆಯ ಮೇಲೆ ಹೆಸರು ಕೊರೆಯುವ ಕೆಲಸ. ಪೆನ್ನಿನ ಹಾಗಿನ ಒಂದು ಕರೆಂಟಿನ ಯಂತ್ರ, ಹಿಡಿದರೆ ಝರ್ ಎಂದು ಕೈಯೆಲ್ಲ ನಡುಗುತ್ತದೆ. ಅವ್ವ ಪ್ರತಿ ವರ್ಷ ಖಂಡೇ ಪೂಜೆಯ ಮುಂದೆ ಆ ಅಂಗಡಿಗೆ ಹೋಗಿ ಏನಾದರೂ ಒಂದು ಸಣ್ಣದು ಕೊಳ್ಳುತ್ತಿದ್ದಳು. ಒಂದು ಸೌಟು, ನೀರು ಕುಡಿಯುವ ಒಂದು ವಾಟೆ. ನಮ್ಮ ಮನೆಗೆ ಅವು ಬೇಕಿರಲಿಲ್ಲ. ಹೆಸರು ಹಾಕಿಸುವ ನೆಪದಲ್ಲಿ ಹಿಂದೆ ಹೋಗಿ ನಿಲ್ಲುವುದು ಅವಳಿಗೆ ಬೇಕಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. "ಮಗಳು ಏನ್ ಮಾಡಾಕತ್ತಾಳ?" ಎಂದು ಅವರು. "ವಾದ ಮಾಡಾಕತ್ತಾಳ್ರಿ" ಎಂದು ಇವಳು. ಝರ್...

ಒಂದು ವರ್ಷ ನನ್ನನ್ನೂ ಎಳೆದುಕೊಂಡು ಹೋದಳು. ಆಗ ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಅಕ್ಕೋರ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಬೆರಳುಗಳಿಗೆ ಸ್ಟೀಲಿನ ಪುಡಿ. ನನ್ನನ್ನು ಕಂಡು ಯಂತ್ರ ನಿಲ್ಲಿಸಿದರು. ಮುಖ ಅರಳಿತು.

"ನೀ ಕೇಳಿದ್ದಿ ನೋಡು, ಕಂಟ್ರೋಲರ್ ಏನ್ ಕಡಿತಾನ ಅಂತ. ಮೊಬೈಲಿನ್ಯಾಗ ಓದಿದೆ. ಏನೂ ಕಡಿಯಂಗಿಲ್ಲಂತ. ನನ್ನ ಹೋಲಿಕೀನ ತಪ್ಪು. ನೀ ಗೆದ್ದಿ ಬಿಡು."

ಅಷ್ಟು ವರ್ಷ ಆ ಪ್ರಶ್ನೆಯನ್ನು ಯಾರು ಇಟ್ಟುಕೊಂಡಿರುತ್ತಾರೆ? ಉತ್ತರ ಹೇಳಲು ತರಗತಿ ಇರಲಿಲ್ಲ, ಚಾಪೆ ಇರಲಿಲ್ಲ. ಅವರೇ ಮುಂದುವರಿಸಿದರು, ನಗುತ್ತ. "ಇನ್ನೊಂದು ಮಜಾ ಕೇಳು. ಆ ಡಬ್ಬಿಗೆ ಹಿಂದ ಯುಎಸ್‌ಬಿ ತೂತು ಇತ್ತಲ್ಲ, ಅದಕ್ಕ ಬ್ಯಾರೇ ಮುಕಾದಮ ಇರತಾನ. ಅಲ್ಲಿ ಬ್ಯಾರೇ ಕೀಬೋರ್ಡ್ ಹಚ್ಚಿದ್ರ ನಡೀತಿತ್ತೋ ಏನೋ. ಆಗ ಹೊಳೀಲಿಲ್ಲ ನೋಡು."

ಅವ್ವನಿಗೆ ಅದರಲ್ಲಿ ಒಂದೇ ಮಾತು ಅರ್ಥವಾಗಿತ್ತು. "ಅಂದ್ರ ಅದು ಸತ್ತಿರಲಿಲ್ಲೇನ್ರಿ?" ಎಂದಳು.

"ಇರಲಿಲ್ಲಂತ ಕಾಣತೈತಿ" ಎಂದರು ಅಕ್ಕೋರು. ಎಂದವರು, ತಟ್ಟನೆ ಅವ್ವನ ಮುಖ ನೋಡಿ, ನಗು ಒಳಗೆ ಎಳೆದುಕೊಂಡು ಯಂತ್ರ ಚಾಲೂ ಮಾಡಿದರು. ವಾಟೆಯ ಮೇಲೆ ನನ್ನ ಹೆಸರು ಕೊರೆದು ಕೊಟ್ಟರು. ಬಸ್ಸಿನಲ್ಲಿ ಅವ್ವ ಅದನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ವಾದ ನಾನು ಗೆದ್ದಿದ್ದೆ. ಅಷ್ಟು ಹೀನವಾಗಿ ಯಾವತ್ತೂ ಗೆದ್ದಿರಲಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಜ್ವರ ಬಂತಂತೆ, ತಲೆಗೇರಿತಂತೆ. ನಮಗೆ ಯಾರು ಹೇಳುತ್ತಾರೆ? ಪೂಜೆಯ ಮುಂದೆ ಎಂದಿನಂತೆ ಅಂಗಡಿಗೆ ಹೋದಾಗ ಹಣದ ಗಲ್ಲೆಯ ಮೇಲಿನ ಗೋಡೆಯಲ್ಲಿ ಹಾರ ಹಾಕಿದ ಫೋಟೋ ಕಂಡಿತು. ಅದರ ಕೆಳಗೆ ಸಾಹುಕಾರರು ಕೂತಿದ್ದರು, ಮುದುಕರಾಗಿದ್ದರು. ನಾವು ಈಗ ಅವರ ಚಾಳದಲ್ಲಿಲ್ಲ. ಹೆದರಲು ಏನೂ ಉಳಿದಿರಲಿಲ್ಲ. ಅವ್ವ ಒಂದು ತಂಬಿಗೆ ಆರಿಸಿ ಅವರ ಮುಂದೆ ಇಟ್ಟಳು. ಆಮೇಲೆ, "ಸಾಹುಕಾರ್ರ, ಆ ಕಂಪ್ಯೂಟರ್ ತೊಳದಾಕಿ ನಾನ್ರಿ. ಅಕ್ಕೋರಲ್ಲ" ಎಂದಳು.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಯಾವ ಕಂಪ್ಯೂಟರ್?"

ಅವ್ವ ಹೇಳಿದಳು. ಸಡಾ, ಮಂಡಳಿ, ಖಂಡೇ ಪೂಜೆ. ಸಾಹುಕಾರರು ನಾಟಕ ಮಾಡುತ್ತಿರಲಿಲ್ಲ, ಅದನ್ನು ನಾನು ಕಣ್ಣಿಟ್ಟು ನೋಡಿದೆ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಒಬ್ಬ ಹೆಂಗಸಿನ ಸಂಜೆಗಳನ್ನೆಲ್ಲ ಮುಚ್ಚಿಟ್ಟ ಸಂಗತಿ, ಮುಚ್ಚಿದವರ ತಲೆಯಲ್ಲಿ ಒಂದು ಗೆರೆಯಾಗಿಯೂ ಉಳಿದಿರಲಿಲ್ಲ. ತಂಬಿಗೆಯನ್ನು ತಿರುಗಿಸಿ ನೋಡಿ, "ಹೆಸರು ಹಾಕಸೂದಿತ್ತೇನು?" ಎಂದು ಕೇಳಿದರು. "ಈಗ ಹಾಕೋರಿಲ್ಲವ್ವ."

ಈ ವರ್ಷ ಫ್ಯಾಕ್ಟರಿಯಿಂದ ಮನೆಗೆ ಬಂದಾಗ ಅವ್ವ ಪೂಜೆಗೆ ಸಾಮಾನು ಇಡುತ್ತಿದ್ದಳು. ಅಪ್ಪನ ಕರಣಿ, ಸಲಿಕೆ, ಅವಳ ಬುಟ್ಟಿ, ಎಲ್ಲ ತೊಳೆದು ಸಾಲಾಗಿತ್ತು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸಾಲಿನ ಕೊನೆಗೆ ಆ ಹೆಸರಿಲ್ಲದ ತಂಬಿಗೆ. ಅದನ್ನು ಮಾತ್ರ ಅವಳು ತೊಳೆದಿರಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಒಣ ಅರಿವೆಯಿಂದ, ಅಂಚಿನ ಸಂದಿಯನ್ನೂ ಬಿಡದೆ ಮೆಲ್ಲಗೆ ಒರೆಸುತ್ತಿದ್ದಳು.

ಸ್ಟೀಲ್ ತಂಬಿಗೆಗೆ ನೀರು ತಾಗಿದರೆ ಏನೂ ಆಗುವುದಿಲ್ಲ. ಅದು ನನಗೆ ಗೊತ್ತು, ಅವಳಿಗೂ ಗೊತ್ತು.